ಹೋಳೂರಿನ ಬಸ್ಸು ತಪ್ಪದಂತೆ ನೋಡಿಕೊಂಡವಳು

ನರಸಾಪುರದ ಕಾರ್ಖಾನೆಯೊಂದರ ಸಾರಿಗೆ ಕೋಣೆ. ಹೊರಗಿನ್ನೂ ನಸುಕು. ಮಾನಸ ಸ್ವೆಟರ್ ತೋಳು ಮೇಲೇರಿಸಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದ ಕುರ್ಚಿಯಲ್ಲಿದ್ದೇನೆ. ಬೆಳಗಿನ ಪಾಳಿಯವರು ಯಾವ ಬಸ್ಸನ್ನು ಎಲ್ಲಿ ಹತ್ತಬೇಕೆಂದು ಅವರಿಗೂ ಚಾಲಕರಿಗೂ ತಿಳಿಸುವ ಜಾವಾ ಪ್ರೋಗ್ರಾಮ್ ಅವರ ಸುಪರ್ದಿಯಲ್ಲಿದೆ. ಹೋಳೂರಿನ ಬಸ್ಸು ಹೊರಟಿತೆಂದು ಪರದೆ ತೋರಿಸಿದ ಮೇಲೇ ಅವರು ಟೀ ಮುಟ್ಟುವುದು. ಟೀ ಆಗಲೇ ಆರಿ ಹೋಗಿದೆ.

ಹೋಳೂರೇ ಏಕೆಂದರೆ, ಅಲ್ಲಿ ಹತ್ತುವವರಲ್ಲಿ ಅವರ ತಾಯಿ ಮುನಿಗಂಗಮ್ಮನೂ ಒಬ್ಬರು. ಇದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾರೆ. ಮಾನಸ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಗ್ಗೆ ಪ್ರೋಗ್ರಾಮ್ ಅರ್ಧಕ್ಕೇ ನಿಂತು, ಬಸ್ಸು ಹೊರಡಲೇ ಇಲ್ಲ. ಕಾದು ಕಾದು ಕತ್ತಲಲ್ಲೇ ನಡೆದು ಹೊರಟ ಮುನಿಗಂಗಮ್ಮನವರಿಗೆ ಬೈಕು ಗುದ್ದಿತು. ಈಗಲೂ ಕಾಲೆಳೆದುಕೊಂಡೇ ನಡೆಯುತ್ತಾರೆ.

ಆಗಿದ್ದೇನು? ಹಳೆಯ ಪ್ರೋಗ್ರಾಮಿನಲ್ಲಿ ಕಾರ್ಮಿಕರ ಪಟ್ಟಿಗೆ ಯಾವ ಬಗೆಯ ಮಾಹಿತಿಯನ್ನು ಬೇಕಾದರೂ ತುಂಬಬಹುದಿತ್ತು. ಹೊರತೆಗೆಯುವಾಗ 'ಇದು ಕಾರ್ಮಿಕನದೇ' ಎಂದು ಕಣ್ಮುಚ್ಚಿ ನಂಬುವುದು. ಅಲ್ಲಿ ನಡೆಯುತ್ತಿದ್ದ ಟೈಪ್ ಕಾಸ್ಟಿಂಗ್ ಅದೇ. ಯಾರೋ ತಿದ್ದುವಾಗ ಬಸ್ಸಿನ ಮಾಹಿತಿಯನ್ನೂ ಅದರೊಳಗೆ ಸೇರಿಸಿಬಿಟ್ಟಿದ್ದರು. ಅದನ್ನೂ ಕಾರ್ಮಿಕನದೆಂದು ಹೊರತೆಗೆಯಹೋಗಿ ಪ್ರೋಗ್ರಾಮ್ ಅಲ್ಲೇ ನಿಂತಿತ್ತು.

"ಮಾವಿನ ಕ್ರೇಟ್ ಇದ್ದಂಗೆ ಸಾರ್," ಎನ್ನುತ್ತಾರೆ ಮಾನಸ. "ಬಾದಾಮಿ ಅಂತ ಕೊಟ್ಟಿದ್ದನ್ನ ಶ್ರೀನಿವಾಸಪುರದ ಮಂಡೀಲಿ ಬಿಚ್ಚಿದ್ರೆ ತೋತಾಪುರಿ ಇರುತ್ತೆ. ಅಲ್ಲಿ ಬಾಯಿ ಬಡ್ಕೊಂಡ್ರೆ ಏನ್ ಬಂತು? ತೋಟದಲ್ಲೇ ತಡೀಬೇಕು. ಜೆನೆರಿಕ್ಸ್ ಹಾಕಿದ್ರೆ, ಈ ಪಟ್ಟೀಲಿ ಕಾರ್ಮಿಕರು ಮಾತ್ರ ಅಂತ ಮೊದ್ಲೇ ಬರೆದಿಟ್ಟಂಗೆ. ಬೇರೇದು ಹಾಕೋಕ್ ಹೋದ್ರೆ, ಪ್ರೋಗ್ರಾಮ್ ಓಡೋಕ್ ಮುಂಚೇನೇ ಅದನ್ನ ಓದಿ ನೋಡೋ ಕಂಪೈಲರ್ ಅಲ್ಲೇ ಹಿಡಿಯುತ್ತೆ, ಬಸ್ಸು ಹೊರಡೋ ಹೊತ್ತಲ್ಲಲ್ಲ."

ಇದ್ದಬದ್ದ ಪಟ್ಟಿಗಳನ್ನೆಲ್ಲ ಅವರೊಬ್ಬರೇ ಕೂತು ಹೀಗೆ ತಿದ್ದಿದರು. ಅಂದಿನಿಂದ ಬಸ್ಸು ನಿಂತಿಲ್ಲ, ಒಂದು ದೂರೂ ಬಂದಿಲ್ಲ. ಅದೇ ಮುಳುವಾಯಿತು ನೋಡಿ! ಮಾನಸರ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲವಂತೆ. "ಏನೂ ಕೆಡ್ತಾನೇ ಇಲ್ವಲ್ಲಮ್ಮ, ಇನ್ನ್ ನಿನಗೇನ್ ಕೆಲ್ಸ?" ಎಂದರಂತೆ ಮೇಲ್ವಿಚಾರಕ ಕಾಂತರಾಜ್. ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಮಾನಸ ಮಾತ್ರ ಪರದೆಯಿಂದ ಕಣ್ಣು ಕೀಳುವುದಿಲ್ಲ.

"ಇದ್ದ ಹಾಗೇ ಬಿಟ್ಟಿದ್ದರೆ ಕೆಲಸವಾದರೂ ಉಳಿಯುತ್ತಿತ್ತಲ್ಲಮ್ಮ?" ಎನ್ನುತ್ತೇನೆ.

"ಬಿಡ್ತು ಅನ್ನಿ ಸಾರ್!" ಎಂದು ರೇಗುತ್ತಾರೆ. ಆಮೇಲೆ ದನಿ ಇಳಿಯುತ್ತದೆ. "ಅಮ್ಮಂಗೆ ಇನ್ನೂ ಹೇಳಿಲ್ಲ. ಬಸ್ಸು ಬಂದ್ರೆ ಸಾಕು, 'ನಮ್ ಮಾನಸ ಕಳ್ಸಿರೋದು' ಅಂತ ಎಲ್ಲರ್ಗೂ ಹೇಳ್ಕೊಂಡೇ ಹತ್ತಾಳೆ. ನಾನು ಹೋದ್ಮೇಲೂ ಬಸ್ಸು ಬರುತ್ತೆ. ಹಂಗೇ ಹೇಳ್ಕೊಂಡಿರ್ಲಿ ಬಿಡಿ."