ಗ್ಲೌಸ್ ಹಾಕದ ಕೈ

ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಉಗುರಿನಿಂದ ಮೊಣಕೈ ದಾಟಿ ಮೇಲಿನವರೆಗೂ ಕಂದು ಕಲೆ. ಹಸುವಿನ ಹೊಟ್ಟೆಯೊಳಗೆ ಹಾಕಿದ ಕೈಯನ್ನು ಪರ್ಮಾಂಗನೇಟ್ ಕದಡಿದ ನೇರಳೆ ನೀರಿನಲ್ಲಿ ತೊಳೆದು ತೊಳೆದು ಆದದ್ದು.

ವೆಟರ್ನರಿ ಕಾಲೇಜಿನ ಕೊನೆಯ ವರ್ಷ ನನ್ನನ್ನು ತರಬೇತಿಗೆಂದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿನ ಕಡೆಯ ಒಂದು ಪಶು ಆಸ್ಪತ್ರೆಗೆ ಹಾಕಿದ್ದರು. ಅವರು ಅಲ್ಲಿನ ಅಟೆಂಡರ್. ಡಾಕ್ಟರುಗಳು ಬಂದು ಹೋಗುತ್ತಿದ್ದರು, ಅವರು ಮಾತ್ರ ಅಲ್ಲೇ ಇದ್ದರು. ಊರವರಂತೆ ನಾನೂ ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಮೊದಲ ವಾರ ಅದರಲ್ಲಿ ಸ್ವಲ್ಪ ತಮಾಷೆ ಇತ್ತು, ಆಮೇಲೆ ಇರಲಿಲ್ಲ.

ಕರು ಹಾಕಿದ ಮೇಲೆ ತಾನಾಗಿ ಬೀಳಬೇಕಾದ ಮಾಸು ಕೆಲವು ಹಸುಗಳಲ್ಲಿ ಒಳಗೇ ಉಳಿಯುತ್ತದೆ. ಅದನ್ನು ಕೈ ಹಾಕಿ ಬಿಡಿಸುವುದು ಡಾಕ್ಟರ ಕೆಲಸ. ಅಲ್ಲಿ ಅದು ಅಟೆಂಡರ ಕೆಲಸವಾಗಿತ್ತು. ಡಾಕ್ಟರು ಹುಣಸೆಮರದ ನೆರಳಲ್ಲಿ ಫೋನ್ ನೋಡುತ್ತ ನಿಂತು, "ಆಯ್ತೇನಪ್ಪ?" ಎಂದು ಆಗಾಗ ಕೇಳುತ್ತಿದ್ದರು. ಅಣ್ಣ ಅಂಗಿ ಬಿಚ್ಚಿಟ್ಟು, ಕೈಗೆ ಎಣ್ಣೆ ಸವರಿ, ಕೆನ್ನೆಯನ್ನು ಹಸುವಿನ ತೊಡೆಗೆ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಸುವಿನೊಂದಿಗೆ ತೆಲುಗು, ನನ್ನೊಂದಿಗೆ ಕನ್ನಡ. "ಉಂಡು ತಲ್ಲೀ, ಅಯಿಪೋಯೆ," ತಾಳಮ್ಮ, ಮುಗೀತು ಎಂದು ಅದಕ್ಕೆ ಸಮಾಧಾನ. "ಎಳೀಬಾರ್ದು ಡಾಕ್ಟ್ರಮ್ಮ, ಎಳೆದ್ರೆ ಒಳಗಡೆ ಹರಿದೋಗ್ತದೆ. ಅಂಗಿ ಗುಂಡಿ ಬಿಚ್ಚಿದಂಗೆ ಒಂದೊಂದೇ ಬಿಡಿಸ್ಬೇಕು," ಎಂದು ನನಗೆ ಪಾಠ. ನಾನು ಇವತ್ತಿಗೂ ಹಾಗೇ ಬಿಡಿಸುತ್ತೇನೆ.

ಭುಜದವರೆಗೆ ಬರುವ ಉದ್ದದ ಗ್ಲೌಸ್ ಇರಲಿಲ್ಲವೆಂದಲ್ಲ. ಡಾಕ್ಟರ ಕೋಣೆಯ ಬೀರುವಿನಲ್ಲಿ ಡಬ್ಬಿಗಟ್ಟಲೆ ಇದ್ದವು. ಬೀರುವಿಗೆ ಬೀಗ. ನನಗೆ ಕೇಳಿದ ತಕ್ಷಣ ಸಿಕ್ಕಿತು. ಅಣ್ಣನಿಗೂ ಕೊಡಿ ಸರ್ ಎಂದಾಗ ಡಾಕ್ಟರು ನಕ್ಕರು. "ಅವನಿಗ್ಯಾಕಮ್ಮ? ಅವನ ಕೈ ಕಬ್ಬಿಣ. ಕೊಟ್ರೂ ಕಿತ್ತಾಕ್ತಾನೆ." ಅಣ್ಣನೂ ನಕ್ಕರು. ನಾನೂ ನಕ್ಕೆ. ಆ ದಿನ ನಕ್ಕದ್ದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಅವರಿಗೆ ಮಧ್ಯಾಹ್ನದ ಹೊತ್ತು ಜ್ವರ ಬರುತ್ತಿತ್ತು. ಒಂದು ವಾರ ಇದ್ದು, ಬಿಟ್ಟು, ಮತ್ತೆ ಬರುತ್ತಿತ್ತು. ಬೆವರಿನಿಂದ ಅಂಗಿ ಒದ್ದೆಯಾಗುತ್ತಿತ್ತು. ಕೂತರೆ ಸೊಂಟ ಹಿಡಿದುಕೊಂಡೇ ಏಳುತ್ತಿದ್ದರು. ಊರಿನ ಕ್ಲಿನಿಕ್ಕಿನಲ್ಲಿ ಒಮ್ಮೆ ಟೈಫಾಯ್ಡ್ ಅಂದರು, ಒಮ್ಮೆ ವಯಸ್ಸು ಅಂದರು. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಬ್ರುಸೆಲ್ಲೋಸಿಸ್, ಹಸು ಕಂದು ಹಾಕುವ, ಎಂದರೆ ದಿನ ತುಂಬುವ ಮೊದಲೇ ಗರ್ಭ ಇಳಿಸುವ ರೋಗ, ಮಾಸು ಮುಟ್ಟಿದವರಿಗೆ ಅಂಟುತ್ತದೆ, ಬಂದು ಹೋಗುವ ಜ್ವರ, ಬೆವರು, ಕೀಲುನೋವು. ಒಳ್ಳೆಯ ಅಂಕ ಬಂದಿತ್ತು. ಎರಡು ತಿಂಗಳು ಅವರ ಪಕ್ಕದಲ್ಲಿ ನಿಂತು ಆ ರೋಗವನ್ನು ಹಸುಗಳಲ್ಲಿ ಹುಡುಕಿದೆ. ಮನುಷ್ಯನಲ್ಲಿ ಹುಡುಕಲಿಲ್ಲ.

ಕೊನೆಗೆ ಅದನ್ನು ಸೂಚಿಸಿದ್ದೂ ಅವರೇ, ತಮಾಷೆಗೆ. ಒಂದು ಗಬ್ಬದ ಹಸು ಕಂದು ಹಾಕಿತ್ತು. ಅದರ ರಕ್ತದ ಟ್ಯೂಬಿಗೆ ಚೀಟಿ ಅಂಟಿಸುತ್ತಿದ್ದೆ. "ಅದರ ಜೊತೆ ನಂದೂ ಒಂದು ಹನಿ ನೋಡಮ್ಮ," ಎಂದರು, "ಜ್ವರ ಬಿಡ್ತಾನೇ ಇಲ್ಲ."

ಟ್ಯೂಬನ್ನು ಕೆಳಗಿಟ್ಟು ಹೊಸ ಸಿರಿಂಜ್ ತೆಗೆದೆ. ಮನುಷ್ಯರ ತೋಳಿನಲ್ಲಿ ನರ ಹುಡುಕಿ ಅಭ್ಯಾಸವಿಲ್ಲದೆ ತಡವರಿಸಿದೆ. "ಧೈರ್ಯವಾಗಿ ಚುಚ್ಚಮ್ಮ, ನಾನು ಒದಿಯಲ್ಲ," ಎಂದರು.

ಬಿಳಿ ಬಿಲ್ಲೆಯ ಮೇಲೆ ಒಂದು ಹನಿ ಸೀರಂ, ಅದರ ಪಕ್ಕ ಒಂದು ಹನಿ ಗುಲಾಬಿ ದ್ರಾವಣ. ಕಡ್ಡಿಯಿಂದ ಕಲಸಿದರೆ, ರೋಗ ಇಲ್ಲದವರದು ನುಣ್ಣಗೆ ಉಳಿಯುತ್ತದೆ. ಇದ್ದವರದು ಒಡೆದ ಹಾಲಿನಂತೆ ತುಣುಕುಗಟ್ಟುತ್ತದೆ. ಹಸುವಿನದು ಒಡೆಯಿತು. ಅವರದೂ ಒಡೆಯಿತು.

ಡಾಕ್ಟರಿಗೆ ಹೇಳಿದೆ. ಕೆಲಸದಿಂದ ಬಂದ ಕಾಯಿಲೆ ಎಂದು ಕೋಲಾರದ ಆಸ್ಪತ್ರೆಗೆ ಒಂದು ಪತ್ರ ಬರೆದುಕೊಡಿ ಎಂದೆ. ಸೀಲು ಇರುವ ಪತ್ರವಾದರೆ ಅಲ್ಲಿ ಸರಿಯಾಗಿ ನೋಡುತ್ತಾರೆ. ಬೇಗ ಹಿಡಿದರೆ ಒಂದೂವರೆ ತಿಂಗಳ ಔಷಧಿಯಲ್ಲಿ ಹೋಗುವ ಕಾಯಿಲೆ.

"ದನದ ಕಿಟ್‌ನಲ್ಲಿ ಮನುಷ್ಯರ ರಕ್ತ ನೋಡು ಅಂತ ನಿಂಗ್ಯಾರಮ್ಮ ಹೇಳಿದ್ದು?" ಎಂದರು. "ನಾನು ಬರೆದ್ರೆ ಗ್ಲೌಸ್ ಯಾಕೆ ಕೊಟ್ಟಿಲ್ಲ ಅಂತ ನನ್ನನ್ನೇ ಕೇಳ್ತಾರೆ. ನಿನ್ನ ಲಾಗ್‌ಬುಕ್‌ಗೆ ಸೈನ್ ಬೇಕೋ ಬೇಡ್ವೋ?"

ಬೇಕಿತ್ತು. ಆ ಪುಸ್ತಕದಲ್ಲಿ ನಾನು ಮಾಡಿದ್ದು ಎಂದು ಬರೆದಿದ್ದ ಎಷ್ಟೋ ಕೆಲಸ ಅಣ್ಣ ಮಾಡಿದ್ದು. ಆ ಸಹಿ ಇಲ್ಲದೆ ಡಿಗ್ರಿ ಇಲ್ಲ. ಸುಮ್ಮನಾದೆ. ಸಹಿ ಬಿತ್ತು.

ನನ್ನ ಕೈಯಲ್ಲೇ ಒಂದು ಚೀಟಿ ಬರೆದುಕೊಟ್ಟೆ. ಅಣ್ಣ ಕೋಲಾರದ ಬಸ್ಸು ಹತ್ತಿ ಹೋಗಿ, ಸಂಜೆಗೆ ಅದನ್ನು ವಾಪಸ್ ತಂದರು.

"ಏನಂದ್ರಣ್ಣ?"

"ದನದ ಡಾಕ್ಟ್ರು ಚೀಟಿ ಮನುಷ್ಯರಿಗೆ ನಡೆಯಲ್ಲ ಅಂದ್ರು. ನಕ್ಕುಬಿಟ್ರು. ಪಾಪ, ಚಿಕ್ಕ ವಯಸ್ಸು ಆ ಡಾಕ್ಟ್ರಿಗೆ." ಜೇಬಿನಲ್ಲಿ ಮತ್ತೆ ಟೈಫಾಯ್ಡ್ ಮಾತ್ರೆ. "ಬಿಡಮ್ಮ, ಏಂ ಕಾದು." ಏನೂ ಆಗಲ್ಲ ಎಂದು ನನಗೇ ಸಮಾಧಾನ ಹೇಳಿದರು.

ಅವರು ಹೀಗೆ ಎಲ್ಲರನ್ನೂ ಕ್ಷಮಿಸುತ್ತಿದ್ದರು. ಆ ಗುಣವನ್ನು ನಾನು ಹೊಗಳುವುದಿಲ್ಲ. ಅದರಿಂದ ನಮಗೆಲ್ಲ ಅನುಕೂಲವಾಯಿತು, ಅಷ್ಟೆ.

ನಾನು ಮುಳಬಾಗಿಲಿನ ಕಡೆ ಕೆಲಸಕ್ಕೆ ಸೇರಿದ ವರ್ಷ ಅವರು ತೀರಿಕೊಂಡರು. ರೋಗ ಹೃದಯದ ಕವಾಟಕ್ಕೆ ಇಳಿದಿತ್ತು. ಕೊನೆಯ ವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಹಾಳೆಯನ್ನು ಸಾವಿನ ಮನೆಯಲ್ಲಿ ಅವರ ಹೆಂಡತಿ ನನ್ನ ಕೈಗಿಟ್ಟು, "ನೀವು ಆವತ್ತು ಹೇಳಿದ್ದು ಇದೇ ಹೆಸರಾ ಅಮ್ಮಾ?" ಎಂದು ಕೇಳಿದರು. ಹೌದು ಎಂದೆ. ಅವರು ಹಾಳೆಯನ್ನು ವಾಪಸ್ ತೆಗೆದುಕೊಂಡು ಮಡಚಿದರು. ಆಚೆ ಶಾಮಿಯಾನದ ಕೆಳಗೆ ಡಾಕ್ಟರು ಯಾರಿಗೋ ಹೇಳುತ್ತಿದ್ದರು: "ಒಳ್ಳೇ ಮನುಷ್ಯ. ಒಂದಿನ ಬಾಯಿಬಿಟ್ಟು ಏನೂ ಕೇಳಿದವನಲ್ಲ."

ಆಮೇಲೆ ಕಚೇರಿಗೆ ಹೋದ ಕಾಗದಗಳಲ್ಲಿ ಸಾವಿನ ಕಾರಣ ಹೃದಯಾಘಾತ ಎಂದಿದೆ. ತಿದ್ದಲು ಎರಡು ಸಲ ಅರ್ಜಿ ಕೊಟ್ಟೆ. ಅದಕ್ಕೆ ಫಾರಂನಲ್ಲಿ ಕಲಂ ಇಲ್ಲ ಎಂದರು. ಕಲಂ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಹೃದಯಾಘಾತವಲ್ಲ, ಬ್ರುಸೆಲ್ಲೋಸಿಸ್. ನಮ್ಮ ಕೆಲಸವನ್ನು ಅವರು ಮಾಡಿದ್ದರಿಂದ ಅವರಿಗೆ ಬಂದದ್ದು. ಸಮಯವಿದ್ದಾಗಲೇ ಅದು ಇಬ್ಬರು ದನದ ಡಾಕ್ಟರಿಗೆ ಗೊತ್ತಿತ್ತು. ಅವರಲ್ಲಿ ಒಬ್ಬಳು ನಾನು.