ನೀಲವ್ವತ್ತೆಯ ಪಥ್ಯ

ನಮ್ಮ ನೀಲವ್ವತ್ತೆ ಯಾರನ್ನೂ ಬರೀ ಹೆಸರು ಹಿಡಿದು ಮಾತಾಡಿಸಿದವಳಲ್ಲ; ಅವರವರ ಬೇನೆ ಹಿಡಿದು ಮಾತಾಡಿಸುತ್ತಿದ್ದಳು. ಮೂಡಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಓಣಿಯಲ್ಲಿ ಹೋಗುವವರಿಗೆಲ್ಲ ಕೇಳುವಂತೆ, "ಏ ಈರಪ್ಪಾ, ಮೊಣಕಾಲ ಹೆಂಗೈತಿ?" "ಕಲ್ಲವ್ವಾ, ಸಕ್ರಿ ಇಳೀತೇನ?" ಎಂದು ಕೂಗುವಳು. ಹೊಸದಾಗಿ ಬಂದ ಬ್ಯಾಂಕ್ ಮ್ಯಾನೇಜರರನ್ನೂ ಬಿಡಲಿಲ್ಲ. "ಸಾಹೇಬ್ರ, ಮೂಲವ್ಯಾಧಿ ಕಡಿಮಿ ಆತೇನ್ರಿ?" ಎಂದು ಕೇಳಿದ ಮೇಲೆ ಆ ಪುಣ್ಯಾತ್ಮರು ಹಿಂದಿನ ಓಣಿ ಹಿಡಿದು ಬ್ಯಾಂಕಿಗೆ ಹೋಗತೊಡಗಿದರು. ಕೆಟ್ಟ ಬುದ್ಧಿ ಇರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು, ತಿಳಿಯದಿದ್ದರೆ ಹೊಟ್ಟೆ ಉಬ್ಬುತ್ತಿತ್ತು.

ಅತ್ತೆ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪ-ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಮನೆಯಲ್ಲಿ ನಾವಿಬ್ಬರು ಮತ್ತು ಒಂದು ಎಮ್ಮೆ. ಇಂಥ ಮನೆಯಲ್ಲಿ, ಇಂಥ ಅತ್ತೆಯ ಕಣ್ಣೆದುರು, ನನಗೆ ಹೆದರಿಕೆಯ ರೋಗ ಬರಬೇಕೇ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಎದೆ ಡವಡವ ಹೊಡೆದುಕೊಂಡು, ಕೈ ಬೆವತು, ಈಗಲೇ ಸತ್ತೆ ಅನ್ನಿಸಿತು. ಸುಣ್ಣದ ಕಡ್ಡಿ ಎಸೆದು ಹೊರಗೋಡಿದೆ. ಮುಂದಿನ ವಾರ ಮತ್ತೆ ಹಾಗೇ ಆಯಿತು. ಇನ್ನೊಮ್ಮೆ ಓಡಿದರೆ ಆ ತರಗತಿಗೆ ಮತ್ತೆಂದೂ ಕಾಲಿಡಲಾರೆ, ನೌಕರಿಯೇ ಬಿಟ್ಟುಬಿಡುತ್ತೇನೆ ಎಂಬುದು ನನಗೆ ಗೊತ್ತಿತ್ತು.

ಗೋಕಾಕದಲ್ಲಿ ಇಸಿಜಿ ತೆಗೆಸಿದೆವು. "ಹಾರ್ಟ್ ಗಟ್ಟಿ ಐತ್ರಿ ಮಾಸ್ತರ. ಮನಸ್ಸಿನ ಡಾಕ್ಟರಿಗೆ ತೋರಸ್ರಿ," ಎಂದರು ಡಾಕ್ಟರು. ಅಲ್ಲಿಗೆ ವಾರಕ್ಕೊಮ್ಮೆ ಬರುವ ಮನೋವೈದ್ಯರ ಮುಂದೆ ಜನವೋ ಜನ. ಅವರು ಗುಳಿಗೆ ಬರೆದುಕೊಟ್ಟು, "ಬರೇ ಗುಳಿಗಿಲೆ ಆಗೂದಿಲ್ಲ, ಕೌನ್ಸೆಲಿಂಗ್ ಬೇಕು, ನನಗ ಅಷ್ಟು ವ್ಯಾಳ್ಯಾ ಇಲ್ಲ," ಎಂದು ಹುಕ್ಕೇರಿಯ ಸುಜಾತಾ ಮೇಡಂ ಹೆಸರು ಹೇಳಿದರು. ನನಗೆ ಒಳಗೊಳಗೇ ಸಂತೋಷ. ಹುಕ್ಕೇರಿಯಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. ಗುಟ್ಟಾಗಿ ಹೋಗಿ ಗುಟ್ಟಾಗಿ ಬರಬಹುದು.

"ಒಬ್ಬಾವನ ದವಾಖಾನಿಗೆ ಹೋಗಾಕ ನಿನಗೇನ ಹಿಂದ ಮುಂದ ಯಾರೂ ಇಲ್ಲನು?" ಎಂದು ಅತ್ತೆ ಇಳಕಲ್ ಸೀರೆ ಉಟ್ಟು ತಯಾರಾದಳು. ಬಸ್ಸು ಗೋಕಾಕ ದಾಟುವಷ್ಟರಲ್ಲಿ ಬಾಜೂ ಸೀಟಿನವಳಿಗೆ ನನ್ನ ಎದೆಯ ಕಥೆ ಗೊತ್ತಾಗಿತ್ತು. ಘಟಪ್ರಭಾದಲ್ಲಿ ಹತ್ತಿದವರಿಗೆ ಆ ಬಾಜೂ ಸೀಟಿನವಳೇ ಹೇಳಿದಳು. ಹುಕ್ಕೇರಿಯಲ್ಲಿ ಇಳಿಯುವಾಗ ಕಂಡಕ್ಟರ್ ನನ್ನ ಬೆನ್ನು ತಟ್ಟಿ, "ಧೈರ್ಯಾ ತಗೋರಿ ಸರ," ಎಂದ. ಅಲ್ಲಿಗೆ ನನ್ನ ಗುಟ್ಟಿನ ಕಥೆ ಮುಗಿಯಿತು.

ಮೆಡಿಕಲ್ ಅಂಗಡಿಯ ಮೇಲಿನ ಸಣ್ಣ ಕೋಣೆ. ಮೇಡಂ ನನ್ನತ್ತ ತಿರುಗಿ, "ಹೇಳ್ರಿ, ಏನಾಗತೈತಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಎದಿ ಹಾರತೈತ್ರಿ. ಸಣ್ಣಾಂವ ಇದ್ದಾಗ ಬಾವ್ಯಾಗ ಹಣಿಕಿ ಹಾಕಿ ಅಂಜಿದ್ದ," ಎಂದಳು. ನಿದ್ದೆ ಬರುತ್ತದೆಯೇ ಎಂದರೆ, "ಎಲ್ಲಿ ನಿದ್ದಿರಿ, ಹೊಳ್ಳ್ಯಾಡತಾನ." ಗೆಳೆಯರು ಇದ್ದಾರೆಯೇ ಎಂದರೆ, "ಅದಾರ್ರಿ, ಎಲ್ಲಾ ತಿಂದು ಹೋಗಾವ್ರ." ಮೇಡಂ ಬರೆದುಕೊಂಡದ್ದೆಲ್ಲ ಅತ್ತೆಯ ಮಾತು. ನಾನು ರೋಗಿಯ ಕುರ್ಚಿಯಲ್ಲಿ ಪ್ರೇಕ್ಷಕನಂತೆ ಕೂತಿದ್ದೆ.

ಕೊನೆಗೆ ಅತ್ತೆ ಕೇಳಿದಳು: "ಪಥ್ಯ ಏನ್ರಿ ಬಾಯಾರ? ಬದನಿಕಾಯಿ ನಡೀತೈತೇನ್ರಿ?"

"ಪಥ್ಯ ಏನೂ ಇಲ್ರಿ ಅವ್ವಾರ. ಎಲ್ಲಾ ತಿನ್ನಲಿ."

ಅತ್ತೆಯ ಮುಖ ಬಾಡಿತು. "ಪಥ್ಯ ಇಲ್ಲದ್ದು ಔಷಧ ಹೆಂಗಾತು? ಈಕಿಗೆ ಏನೂ ತಿಳಿಯೂದಿಲ್ಲ ಬಿಡು," ಎಂದು ದಾರಿಯುದ್ದಕ್ಕೂ ಗೊಣಗಿದಳು. ಮರುದಿನದಿಂದ ತಾನೇ ಪಥ್ಯ ಹಾಕಿದಳು. ಬದನೆಕಾಯಿ ಬಂದ್, ಮೊಸರು ಬಂದ್, ಶೇಂಗಾ ಹಿಂಡಿ ಬಂದ್, ಚಹಾ ಅರ್ಧ ಕಪ್ಪು. ಹೆದರಿಕೆಯ ಜೊತೆಗೆ ಈಗ ಹಸಿವೂ ಸೇರಿಕೊಂಡಿತು.

ಮುಂದಿನ ಸಲದಿಂದ ಮೇಡಂ ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನೊಡನೆ ಮಾತಾಡಿದರು. ಹೆದರಿಕೆ ಬಂದಾಗ ನಾಡಿ ಹಿಡಿದು ನೋಡಬಾರದು, ಓಡಬಾರದು, ನಿಂತಲ್ಲೇ ನಿಂತು ಅದು ಏರಿ ಇಳಿಯುವುದನ್ನು ನೋಡಬೇಕು. ಕೊಲ್ಲುತ್ತೇನೆಂದು ಬರುತ್ತದೆ, ಕೊಲ್ಲದೆ ಹೋಗುತ್ತದೆ. ಮನೆಯಲ್ಲಿ ರೂಢಿ ಮಾಡಿರಿ ಎಂದರು.

ಮನೆಯಲ್ಲಿ ರೂಢಿ! ಹಲ್ಲುಜ್ಜುವಾಗ "ಎದಿ ಹೆಂಗೈತಿ?" ಬುತ್ತಿ ಕಟ್ಟುವಾಗ "ಎದಿ ಹೆಂಗೈತಿ?" ಸಂಜೆ ಗಾಡಿ ನಿಲ್ಲಿಸುವ ಮೊದಲೇ ಕಟ್ಟೆಯಿಂದ, ಇಡೀ ಓಣಿಗೆ ಕೇಳುವಂತೆ, "ಎದಿ ಹೆಂಗೈತೋ ಮಾಂತೂ?" ಅವಳು ಕೇಳಿದಾಗಲೆಲ್ಲ ನನ್ನ ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ಕೈ ಹೋದ ಕೂಡಲೇ ಡವಡವ. ಒಮ್ಮೆ ತಾಳ್ಮೆ ಕೆಟ್ಟು, "ಅತ್ತೀ, ನೀ ಕೇಳೂದ ನನ್ನ ಬ್ಯಾನಿ!" ಎಂದು ಚೀರಿದೆ. ಅವಳು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಸಿಟ್ಟ ಮಾಡಬ್ಯಾಡೋ, ಎದಿಗೆ ಚಲೋ ಅಲ್ಲ. ಈಗ ಹೆಂಗೈತಿ?" ಎಂದಳು. ಇಂಥವಳನ್ನು ಏನು ಮಾಡುವುದು ಹೇಳಿ.

ಇದನ್ನೆಲ್ಲ ಮೇಡಂ ಮುಂದೆ ತೋಡಿಕೊಂಡಾಗ ಅವರು ಅತ್ತೆಯನ್ನು ಒಳಗೆ ಕರೆದರು. "ಅವ್ವಾರ, ಪಥ್ಯ ಕೇಳಿದ್ರಿ. ಒಂದ ಐತ್ರಿ. ಆದ್ರ ಭಾಳ ಕಠಿಣ ಐತಿ, ಅದಕ್ಕ ಹೇಳಿರಲಿಲ್ಲ."

ಅತ್ತೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು. "ಹೇಳ್ರಿ. ಎಂಥಾದ್ದಿದ್ರೂ ಮಾಡಸ್ತೇನಿ."

"ಅವರಿಗಲ್ರಿ, ನಿಮಗ. ಅವರ ಎದಿ ಸುದ್ದಿ ನೀವು ಕೇಳಂಗಿಲ್ಲ. ಮುಟ್ಟಿ ನೋಡಂಗಿಲ್ಲ. ಬ್ಯಾರೇದವ್ರ ಕಡಿಂದ ಕೇಳಸಂಗಿಲ್ಲ."

ಅತ್ತೆ ನನ್ನನ್ನೊಮ್ಮೆ, ಮೇಡಂ ಅವರನ್ನೊಮ್ಮೆ ನೋಡಿದಳು. "ಬದನಿಕಾಯಿ ಬಿಡೂದು ಹಗರ ಇತ್ತರೀ," ಎಂದಳು. ಆದರೆ ಒಪ್ಪಿದಳು. ಪಥ್ಯ ಅಂದಮೇಲೆ ಪಥ್ಯ.

ಅವಳು ಸೋಮವಾರದ ಉಪವಾಸ ಹಿಡಿದಷ್ಟೇ ಗಟ್ಟಿಯಾಗಿ ಇದನ್ನೂ ಹಿಡಿದಳು. "ಎ" ಎಂದು ಬಾಯಿ ತೆರೆದು, ನುಂಗಿಕೊಂಡು, "ಎಮ್ಮಿಗೆ ನೀರ ಕುಡಿಸಿದಿ?" ಎನ್ನುವಳು. ದಿನಕ್ಕೆ ಹತ್ತು ಸಲ ನೀರು ಕುಡಿದ ಎಮ್ಮೆಗೂ ಸಾಕಾಗಿರಬೇಕು. ಓಣಿಯವರು ನನ್ನ ಸುದ್ದಿ ತೆಗೆದರೆ, "ಅವನ ಸುದ್ದಿ ಬಿಟ್ಟು ನಿನ್ನ ಮೊಣಕಾಲ ಸುದ್ದಿ ಹೇಳ," ಎಂದು ಗದರಿಸುವಳು. ಊರಿನ ಮಿಕ್ಕ ಬೇನೆಗಳಿಗೆ ಯಾವ ರಿಯಾಯಿತಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಅದೇ ಒಂಬತ್ತನೆಯ ತರಗತಿಯಲ್ಲಿ ಹೆದರಿಕೆ ಬಂತು. ಟೇಬಲ್ಲು ಹಿಡಿದು ನಿಂತೆ. ಏರಿತು, ಏರಿತು, ಇನ್ನೇನು ಬಾಗಿಲಿಗೆ ಓಡಬೇಕು ಅನ್ನುವಾಗ ಇಳಿಯತೊಡಗಿತು. ನಾನು ಓಡಲಿಲ್ಲ. ಪಾಠ ಮುಗಿಸಿಯೇ ಹೊರಬಂದೆ. ಸಂತೋಷಕ್ಕೆ ಗಾಡಿ ಹಾರಿಸಿಕೊಂಡು ಮನೆಗೆ ಬಂದು, "ಅತ್ತೀ, ಇವತ್ತ ಸಾಲ್ಯಾಗ..." ಎನ್ನುವಷ್ಟರಲ್ಲಿ ಅವಳು ಎರಡೂ ಕಿವಿ ಮುಚ್ಚಿಕೊಂಡು ಅಡುಗೆ ಮನೆ ಸೇರಿದಳು. ಕೇಳಬೇಡ ಎಂದಾಗ ಬಿಡಲಿಲ್ಲ, ಕೇಳು ಎಂದಾಗ ಕೇಳಲಿಲ್ಲ.

ಬರಬರುತ್ತ ಗುಳಿಗೆ ನಿಂತಿತು, ಹುಕ್ಕೇರಿಗೆ ಹೋಗುವುದೂ ನಿಂತಿತು. ಪಥ್ಯ ಮುಗೀತೆಂದು ಮೇಡಂ ಫೋನಿನಲ್ಲಿ ಅತ್ತೆಗೆ ತಾವೇ ಹೇಳಿದರು. ಇವಳು ಕೇಳುವವಳೇ? "ಅವರೇನ ಹೇಳತಾರ. ಪಥ್ಯ ಬಿಟ್ಟವ್ರೆಲ್ಲಾ ಮತ್ತ ಬಿದ್ದಾರ," ಎಂದು ಫೋನ್ ನನ್ನ ಕೈಗಿಟ್ಟಳು. ವರ್ಷಗಳು ಕಳೆದವು. ಅವಳು ಕೇಳಲೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಕಿಡ್ನಿ ಕೈಕೊಟ್ಟು ಅತ್ತೆ ಘಟಪ್ರಭಾದ ದವಾಖಾನೆ ಸೇರಿದಳು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು. ನಾನು ಹಾಸಿಗೆಯ ಪಕ್ಕ ಕೂತಿದ್ದೆ. ಅವಳು ನನ್ನ ಎದೆಯ ಮೇಲಿನ ಕಿಸೆಯ ಕಡೆ ನೋಡುವುದು, ಬಾಯಿ ತೆರೆಯುವುದು, ಮುಚ್ಚುವುದು. "ಊಟಾ ಆತನು?" ಮತ್ತೆ ಕಿಸೆಯ ಕಡೆ ನೋಟ. "ಸಾಲಿ ಸೂಟಿ ಐತನು?" ನನಗೆ ದುಃಖ ತಡೆಯಲಾಗಲಿಲ್ಲ. ಬಾಗಿ ಅವಳ ಕೈ ಹಿಡಿದುಕೊಂಡೆ.

"ಅತ್ತೀ, ನನ್ನ ಎದಿ ಚಲೋ ಐತಿ. ಖರೇನ ಚಲೋ ಐತಿ."

ಆ ಸೊರಗಿದ ಮುಖ ಅರಳಿದ್ದನ್ನು ನಾನು ಸಾಯುವತನಕ ಮರೆಯಲಾರೆ. ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ ಗಾಬರಿಯಾಗಿ, ಸಲೈನ್ ಬಾಟಲಿ ಬದಲಿಸುತ್ತಿದ್ದ ನರ್ಸಿನ ಸೆರಗು ಹಿಡಿದೆಳೆದಳು.

"ಕೇಳಿದ್ರಿಲ್ರಿ ಬಾಯಾರ? ನಾ ಏನೂ ಕೇಳಿಲ್ಲ ಮತ್ತ. ಅವನ ತಾನಾಗಿ ಹೇಳ್ಯಾನ."