ಕುಳಿಯಿಲ್ಲದ ಕಲ್ಲು

ಟಿವಿ ಹೊಗೆಯಾಡಬಹುದಿತ್ತು. ಫ್ಯೂಸು ಹಾರಿ, ಪಕ್ಕದ ಮನೆಯ ಮಿಕ್ಸಿಯೂ ನಿಂತು, ಅವರು ಅರ್ಧ ರುಬ್ಬಿದ ಚಟ್ನಿಯೊಡನೆ ನಮ್ಮ ಬಾಗಿಲಿಗೆ ಬರಬಹುದಿತ್ತು. ಮಗಳಿಗೆ ಶಾಕ್ ಹೊಡೆಯಬಹುದಿತ್ತು. ದೂರದ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕೂತಿದ್ದ ನನಗೂ ಹೊಡೆಯಬಹುದಿತ್ತು. ಹೊಸ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಅವಳು ಟಿವಿಗೆ ಸಿಕ್ಕಿಸುವಷ್ಟರಲ್ಲಿ ನಾನು ಇಷ್ಟನ್ನೂ ಊಹಿಸಿ ಮುಗಿಸಿದ್ದೆ. ಆದದ್ದು ಇಷ್ಟೇ: ಹಳೆಯ ಪೆಟ್ಟಿಗೆಯಲ್ಲಿ ಆಡುತ್ತಿದ್ದ ಅದೇ ಆಟ, ಹೊಸದಕ್ಕೆ ಹೊಂದಿಸಿ ಮಾಡಿದ್ದರಲ್ಲಿ, ನೆಗೆದ ಗೊಂಬೆ ಒಂದು ಚೂರು ತಡವಾಗಿ ಕೆಳಗಿಳಿಯಿತು.

“ಅದೇ ಆಟ ಕಣಪ್ಪ, ಆದ್ರೆ ಅದಲ್ಲ,” ಎಂದಳು.

ಈ ಮಾತನ್ನು ಹಿಂದೆಯೂ ಕೇಳಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಶಿವನಸಮುದ್ರದ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿ, ಹೊಳಲಿನ ನನ್ನ ಸೋದರತ್ತೆ ತಾಯಮ್ಮನವರ ಬಾಯಲ್ಲಿ.

ಆಗ ನನ್ನ ಹೆಂಡತಿ ಜಯಳಿಗೆ ಏಳು ತಿಂಗಳು. ಅವಳಿಗೆ ತಾಯಿ ಇರಲಿಲ್ಲ, ನನಗೂ ಇರಲಿಲ್ಲ. ಬಾಣಂತನಕ್ಕೆಂದು ಅತ್ತೆಯನ್ನು ಕರೆತಂದಿದ್ದೆ. ಅವರಿಲ್ಲದಿದ್ದರೆ ಜಯಳ ಪಕ್ಕ ನಾನಿರಬೇಕು. ನನ್ನ ಮುಖ ನೋಡಿದರೇ ಭಯವಾಗುತ್ತದೆಂದು ಅವಳು ಆಗಲೇ ಹೇಳಿಬಿಟ್ಟಿದ್ದಳು.

ಬಂದ ವಾರದಲ್ಲೇ ಅತ್ತೆ ಬಟ್ಟೆಯ ಗಂಟು ಕಟ್ಟಿದರು. ಊಟ, ನೀರು, ಜಲಪಾತದ ಸದ್ದು, ಯಾವುದರ ಮೇಲೂ ದೂರಿಲ್ಲ. ಚೌಕಾಬಾರ ಇಲ್ಲ, ಅಷ್ಟೆ. ಹೊಳಲಿನ ಜಗಲಿಯ ಕಲ್ಲಿನಲ್ಲಿ ಕೊರೆದ ಐದೈದು ಮನೆಯ ಆ ಆಟವಿಲ್ಲದೆ ಅವರಿಗೆ ಮಧ್ಯಾಹ್ನ ಉಂಡದ್ದು ಅರಗುತ್ತಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟೆ. ನುಣ್ಣನೆ ಸಿಮೆಂಟು, ಕವಡೆಗಳು ಮಗುಚದೆ ಜಾರಿ ಬೀರುವಿನ ಕೆಳಗೆ ಸೇರಿದವು. ಸೆರಗು ತಗುಲಿ ಎರಡು ಮನೆ ಅಳಿಸಿಯೇ ಹೋದವು.

“ಕಲ್ಲ ಮ್ಯಾಲೆ ಉಳ್ಳುದ್ರೆ ಅದು ಕವಡೆ. ಇದೇನ್ಲಾ, ಮೀನ್ ಜಾರ್ದಂಗೆ ಜಾರ್ತದೆ! ನಾಳೀಕೆ ನನ್ನ ಬಸ್ ಅತ್ತಿಸ್ಬುಡು.”

“ಜಯನ ಗತಿ ಏನತ್ತೆ?”

“ಅವಳು ಗಟ್ಟಿಗಿತ್ತಿ ಕಣ್ಲಾ. ಗತಿ ಬೇಕಾಗಿರಾದು ನಿಂಗೆ.”

ಭಾನುವಾರ ಕಳೆಯಲಿ ಎಂದು ಗೋಗರೆದೆ. ಅಂದು ಹೊಳಲಿಗೆ ಹೋಗಿ, ಜಗಲಿಯ ಕಲ್ಲಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಇದ್ದಿಲು ಉಜ್ಜಿ ಅಚ್ಚು ತೆಗೆದೆ. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, “ಅದೇನ್ ಸಾರ್, ಎಳೇ ಕೂಸ್ ಇಡ್ಕಂಡಂಗೆ ಇಡ್ಕಂಡಿದ್ದೀರಿ?” ಎಂದ. ಕೂಸಿಗೂ ಅದಕ್ಕೂ ಇದ್ದ ಸಂಬಂಧವನ್ನು ಅವನಿಗೆ ಹೇಗೆ ವಿವರಿಸಲಿ, ನೀವೇ ಹೇಳಿ.

ನಮ್ಮ ಬಟ್ಟೆ ಒಗೆಯುವ ಕಲ್ಲನ್ನೇ ಮಗುಚಿ, ಉಳಿ ಹಿಡಿದು, ಗೆರೆಗೆ ಗೆರೆ ಕೂಡಿಸಿ ಕೊರೆದೆ. ಅಚ್ಚಿನ ಒಂದು ಮೂಲೆಮನೆಯಲ್ಲಿ ಮಾತ್ರ ಇದ್ದಿಲು ಹತ್ತಿರಲಿಲ್ಲ. ಅಲ್ಲಿ ಕಲ್ಲು ಚಕ್ಕೆಯೆದ್ದು ಕುಳಿಬಿದ್ದಿತ್ತು. ಹಳೆಯ ಕಲ್ಲಿನ ಊನ ಹೊಸದಕ್ಕೇಕೆಂದು ಬಿಟ್ಟುಬಿಟ್ಟೆ.

ಕವಡೆ ಚೆನ್ನಾಗಿ ಉರುಳಿತು. ಅತ್ತೆಯ ಮುಖವೂ ಅರಳಿತು. ಆಗ ಜಯ ಆ ಮೂಲೆಯಲ್ಲಿದ್ದ ಅತ್ತೆಯ ಕಾಯನ್ನು ಕಡಿದಳು.

“ಅದು ಕುಳಿಮನೆ ಕಣಮ್ಮಿ! ಕುಳೀಲಿರೋ ಕಾಯಿ ಕಡಿಯಂಗಿಲ್ಲ!”

“ಯಾವ ಕುಳಿ ಅತ್ತೆ? ನುಣ್ಣಗಿದೆಯಲ್ಲ.”

ಚಕ್ಕೆಯೆದ್ದ ಆ ಜಾಗ ಹೊಳಲಿನ ಮನೆಯಲ್ಲಿ ಯಾವ ಕಾಲದಿಂದಲೋ ಕಾನೂನಾಗಿತ್ತು. ಅತ್ತೆಯ ಆಟವೆಲ್ಲ ಕುಳಿ ಸೇರಿ ಸುಧಾರಿಸಿಕೊಳ್ಳುವುದರಲ್ಲಿತ್ತು. ಅಂದು ಸೋತರು. ಮಾರನೆಯ ದಿನವೂ ಸೋತರು.

“ಅದೇ ಆಟ ಕಣ್ಲಾ, ಆದ್ರೆ ಅದಲ್ಲ,” ಎಂದು ನನ್ನತ್ತ ನೋಡಿದರು. ಬೆಳಿಗ್ಗೆಯ ಬಸ್ಸು ನನ್ನ ಕಣ್ಣಮುಂದೆ ಬಂದು ನಿಂತಿತು. ಕುಳಿಯನ್ನೂ ಕೊರೆದುಬಿಡೋಣವೆಂದು ಉಳಿ ತರಲು ಓಡಿದೆ. ಹಿತ್ತಲ ಬಾಗಿಲಲ್ಲಿ ಜಯ ಅಡ್ಡ ನಿಂತಿದ್ದಳು.

“ಆ ಕಲ್ಲು ಮುಟ್ಟಿದ್ರೆ ನೋಡಿ ಮತ್ತೆ!” ಎಂದು ಪಿಸುಗುಟ್ಟಿದಳು.

ಒಳಗೆ ಅತ್ತೆ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕುತ್ತಿದ್ದರು. “ಈ ಬೋಳುಕಲ್ಲ ಮ್ಯಾಲೆ ಇವಳ್ನ ಸೋಲ್ಸೋಗಂಟ ನಾ ಇಲ್ಲಿಂದ ಕದಲಾಕಿಲ್ಲ!”

ಹೆರಿಗೆಯಾಯಿತು. ಬಾಣಂತನ ಮುಗಿಯಿತು. ಜಯ ಸೋತದ್ದು ಮಗುವಿಗೆ ಹಲ್ಲು ಬಂದ ಮೇಲೆ.

ಆ ಮಗುವೇ ಈಗ ಕಾಲೇಜು ಸೇರಿಯೂ ಟಿವಿಯ ಮುಂದೆ ಕೂತಿರುವವಳು. ಪೆಟ್ಟಿಗೆಯನ್ನು ಅಂಗಡಿಗೆ ಹಿಂತಿರುಗಿಸೋಣವೆಂದು ನಾನು ಚಪ್ಪಲಿ ಮೆಟ್ಟಿದ್ದೆ. “ತಡಿಯಪ್ಪ, ಇನ್ನೊಂದ್ಸಲ,” ಎಂದಳು, ತಿರುಗಿಯೂ ನೋಡದೆ. ಗೊಂಬೆ ನೆಗೆಯಿತು, ಬಿತ್ತು. ಹಲ್ಲು ಕಚ್ಚಿ ಮತ್ತೆ ಶುರುಮಾಡಿದಳು.

ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು, ಇನ್ನೊಂದು ರಿಮೋಟನ್ನು ಕೈಗೆತ್ತಿಕೊಂಡೆ.

“ನಿಂಗೆ ಬರಲ್ಲ ಬುಡಪ್ಪ.”

“ಸೋಲೋಕೆ ಬತ್ತದೆ,” ಎಂದೆ.